ರಕ್ತಹೀನತೆ ಮತ್ತು ಕೀಲುನೋವಿನ ತಪಾಸಣಾ ಪ್ಯಾಕೇಜ್: ಅಂಕಿಗಳು ಸರಿ, ವಿವರಣೆಯೇ ದಾರಿ ತಪ್ಪಿಸುತ್ತದೆ

ಒಮ್ಮೆ ತೆಗೆದ ರಕ್ತದಲ್ಲೇ ರಕ್ತಹೀನತೆ ಮತ್ತು ಕೀಲುನೋವು ಎರಡರ ಮೂಲವನ್ನೂ ಹುಡುಕಿಕೊಡುವುದಾಗಿ ಹೇಳುವ ತಪಾಸಣಾ ಪ್ಯಾಕೇಜ್‌ಗಳನ್ನು ಈಗ ಹಲವು ಲ್ಯಾಬ್‌ಗಳು ಮಾರುತ್ತಿವೆ. ಅಂಥದೊಂದನ್ನು ನನ್ನ ಅಕ್ಕನಿಗೆ ಮಾಡಿಸಿದೆವು. ಲ್ಯಾಬಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಕಂಡ ಕೊರತೆಗಳು ಆ ಒಂದು ಸಂಸ್ಥೆಗೆ ಮಾತ್ರ ಸಂಬಂಧಿಸಿದವಲ್ಲ, ಈ ಬಗೆಯ ಪ್ಯಾಕೇಜ್‌ಗಳನ್ನು ರೂಪಿಸುವ ರೀತಿಯಲ್ಲೇ ಇರುವಂಥವು. ನಾವು ಕೊಂಡ ಪ್ಯಾಕೇಜ್‌ನಲ್ಲಿ ಸಂಪೂರ್ಣ ರಕ್ತಕಣ ಎಣಿಕೆ, ದೇಹದಲ್ಲಿನ ಉರಿಯೂತವನ್ನು ತೋರಿಸುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ., ರಕ್ತದಲ್ಲಿನ ಕಬ್ಬಿಣಾಂಶ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಒಟ್ಟು ಸಾಮರ್ಥ್ಯ ಅಂದರೆ ಟಿ.ಐ.ಬಿ.ಸಿ., ಆ ಸಾಮರ್ಥ್ಯದಲ್ಲಿ ಎಷ್ಟು ಪಾಲು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಫೆರಿಟಿನ್, ವಿಟಮಿನ್ ಬಿ12, ಫೋಲೇಟ್, ವಿಟಮಿನ್ ಡಿ, ಯೂರಿಕ್ ಆಮ್ಲ ಮತ್ತು ರುಮಟಾಯ್ಡ್ ಸಂಧಿವಾತದ (ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಸುಳಿವಿಗಾಗಿ ನೋಡುವ ರುಮಟಾಯ್ಡ್ ಫ್ಯಾಕ್ಟರ್ ಇದ್ದವು. ಇಷ್ಟನ್ನೂ ಒಂದೇ ದಿನ, ಒಂದೇ ಮಾದರಿಯಿಂದ ನೋಡುವುದು ನಿಜಕ್ಕೂ ಉಪಯುಕ್ತ. ತೊಂದರೆ ಇರುವುದು ವರದಿಯ ಕೊನೆಯಲ್ಲಿ ಲಗತ್ತಿಸುವ ‘ನಿಮ್ಮ ಫಲಿತಾಂಶದ ಅರ್ಥ’ ಎಂಬ ಪುಟದಲ್ಲಿ ಮತ್ತು ಪ್ಯಾಕೇಜ್ ಕೇಳದೇ ಬಿಟ್ಟ ಕೆಲವು ಪ್ರಶ್ನೆಗಳಲ್ಲಿ.

ಪ್ಯಾಕೇಜ್‌ನ ಜಾಹೀರಾತು ರಕ್ತಹೀನತೆಯಿಂದ ಕೀಲುನೋವು ಬರುತ್ತದೆ ಎಂಬ ಅರ್ಥ ಹೊಮ್ಮುವಂತೆ ಬರೆದಿದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಹೆಚ್ಚಿನವರಲ್ಲಿ ನಡೆಯುವುದು ಅದರ ತಿರುವುಮುರುವು. ಬರೀ ಕಬ್ಬಿಣಾಂಶದ ಕೊರತೆಯಿಂದ ಆಯಾಸ, ಏದುಸಿರು, ತಲೆಸುತ್ತು, ಕಾಲುಗಳಲ್ಲಿ ಸೆಳೆತ ಬರಬಹುದು. ಆದರೆ ಕೀಲು ಊದಿಕೊಂಡು, ಬಿಸಿಯಾಗಿ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿದುಕೊಳ್ಳುವುದು ಕಬ್ಬಿಣದ ಕೊರತೆಯ ಲಕ್ಷಣವಲ್ಲ. ಅನೇಕ ಸಲ ಕೀಲಿನಲ್ಲಿರುವ ಉರಿಯೂತವೇ ರಕ್ತಹೀನತೆಯನ್ನು ತರುತ್ತದೆ. ಇನ್ನು ಕೆಲವೊಮ್ಮೆ ಮೂರನೆಯ ಕಾಯಿಲೆಯೊಂದು ಎರಡನ್ನೂ ಒಟ್ಟಿಗೆ ಉಂಟುಮಾಡುತ್ತದೆ. ಕೀಲುನೋವಿಗೆ ನುಂಗುವ ಮಾತ್ರೆ ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತ ಸೋರಿಸುವುದೂ ಉಂಟು. ಈ ಮೂರರಲ್ಲಿ ಯಾವುದು ಎಂದು ಹೇಳಬಲ್ಲ ಪ್ಯಾಕೇಜ್ ಮಾತ್ರ ಕೊಟ್ಟ ಹಣಕ್ಕೆ ತಕ್ಕುದು ಎಂಬ ಅಳತೆಗೋಲನ್ನು ಇಟ್ಟುಕೊಂಡೇ ನಾನು ಇದನ್ನು ಪರಿಶೀಲಿಸಿದ್ದೇನೆ.

ಅಕ್ಕನಿಗೆ ಎರಡೂ ಕೈಗಳ ಬೆರಳಿನ ಬುಡದ ಗೆಣ್ಣುಗಳು ಊದಿಕೊಂಡಿದ್ದವು. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ನೋವು ತಡೆಯಲಾರದೆ ಅವಳು ತಿಂಗಳುಗಟ್ಟಲೆ ಡೈಕ್ಲೋಫೆನ್ಯಾಕ್ ಮಾತ್ರೆ ನುಂಗುತ್ತಿದ್ದಳು.

ಮಾದರಿ ಸಂಗ್ರಹಿಸುವ ಕೆಲಸದ ಬಗ್ಗೆ ನನ್ನ ದೂರು ಏನೂ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರು. ರಕ್ತದಲ್ಲಿನ ಕಬ್ಬಿಣಾಂಶ ದಿನವಿಡೀ ಏರಿಳಿಯುವುದರಿಂದ ಇದು ಸರಿಯಾದ ಕ್ರಮ. ರಕ್ತಕಣ ಎಣಿಕೆಗೆ ನೇರಳೆ ಮುಚ್ಚಳದ ಕೊಳವೆ, ಉಳಿದವಕ್ಕೆ ಬೇರೆ ಕೊಳವೆ, ಪ್ರತಿಯೊಂದರ ಮೇಲೂ ಹೆಸರು ಮತ್ತು ವೇಳೆ ಬರೆದ ಚೀಟಿಯನ್ನು ಅಕ್ಕನ ಎದುರಿನಲ್ಲೇ ಅಂಟಿಸಿದರು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ರಕ್ತ ತೆಗೆದ ಹುಡುಗಿ ಕೇಳಿದಳು. ಬೇರೆ ಯಾವ ಔಷಧ ಎಂದು ಕೇಳಲಿಲ್ಲ. ಭರ್ತಿ ಮಾಡಬೇಕಾದ ಅರ್ಜಿಯಲ್ಲೂ ಅದಕ್ಕೊಂದು ಜಾಗ ಇರಲಿಲ್ಲ. ಆ ಹೊತ್ತಿಗೆ ಇದು ಸಣ್ಣ ವಿಷಯ ಎನಿಸಿತ್ತು, ಆದರೆ ಮುಂದಿನ ಎಡವಟ್ಟಿನ ಅರ್ಧ ಭಾಗ ಇದರಿಂದಲೇ ಹುಟ್ಟಿತು.

ವರದಿ ಹೇಳಿದ ಸಮಯಕ್ಕೆ ಬಂತು. ಹಿಮೋಗ್ಲೋಬಿನ್ 9.8. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಗರ್ಭಿಣಿಯಲ್ಲದ ವಯಸ್ಕ ಮಹಿಳೆಯಲ್ಲಿ ಪ್ರತಿ ಡೆಸಿಲೀಟರಿಗೆ 12 ಗ್ರಾಂ, ಪುರುಷರಲ್ಲಿ 13 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಕೆಂಪು ರಕ್ತಕಣದ ಸರಾಸರಿ ಗಾತ್ರ, ಅಂದರೆ ಎಂ.ಸಿ.ವಿ., 76 ಇತ್ತು. 80 ರಿಂದ 100 ಇರಬೇಕಾದದ್ದು. ಸಿ.ಆರ್.ಪಿ. 34, ಇ.ಎಸ್.ಆರ್. 72 (ಎರಡೂ ಮಿತಿಗಿಂತ ಹೆಚ್ಚು), ರಕ್ತದ ಕಬ್ಬಿಣಾಂಶ 26, ಟಿ.ಐ.ಬಿ.ಸಿ. 290, ಸ್ಯಾಚುರೇಶನ್ ಶೇಕಡಾ 9, ಫೆರಿಟಿನ್ 58, ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್. ಬಿ12, ಫೋಲೇಟ್, ಯೂರಿಕ್ ಆಮ್ಲ ಸರಿಯಾಗಿದ್ದವು, ವಿಟಮಿನ್ ಡಿ ಸ್ವಲ್ಪ ಕಡಿಮೆ.

ಕೊನೆಯ ಪುಟದಲ್ಲಿ ಇದ್ದದ್ದು ಇಷ್ಟು: ಫೆರಿಟಿನ್ ಸಾಮಾನ್ಯ ಮಟ್ಟದಲ್ಲಿರುವುದರಿಂದ ದೇಹದಲ್ಲಿ ಕಬ್ಬಿಣದ ಸಂಗ್ರಹ ಸಾಕಷ್ಟಿದೆ. ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಆಗಿರುವುದರಿಂದ ಸಂಧಿವಾತದ ಸಾಧ್ಯತೆ ಕಡಿಮೆ. ಕೀಲುನೋವು ವಿಟಮಿನ್ ಡಿ ಕೊರತೆಯಿಂದ ಇರಬಹುದು. ಮೂರು ವಾಕ್ಯಗಳಲ್ಲಿ ಮೊದಲ ಎರಡು ತಪ್ಪು, ಮೂರನೆಯದು ಅಸಲು ಕಾರಣವನ್ನು ಮರೆಮಾಡುವಂಥದ್ದು. ಇದೇ ಮಾದರಿಯ ಪ್ಯಾಕೇಜ್ ಮಾಡಿಸಿಕೊಂಡ ಯಾರಿಗಾದರೂ ಇದೇ ಮೂರು ವಾಕ್ಯಗಳು ಸಿಗಬಹುದು ಎಂಬ ಕಾರಣಕ್ಕೆ ಒಂದೊಂದನ್ನೇ ಬಿಡಿಸಿ ಹೇಳುತ್ತೇನೆ.

ಫೆರಿಟಿನ್ ಎಂದರೆ ದೇಹ ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಪ್ರೋಟೀನ್. ಉರಿಯೂತ ಇಲ್ಲದವರಲ್ಲಿ ಅದರ ಮಟ್ಟ ಸಂಗ್ರಹವನ್ನು ಸರಿಯಾಗಿ ತೋರಿಸುತ್ತದೆ. ಆದರೆ ದೇಹದಲ್ಲಿ ಎಲ್ಲೇ ಉರಿಯೂತ ಇದ್ದರೂ ಫೆರಿಟಿನ್ ತಾನಾಗಿಯೇ ಏರುತ್ತದೆ, ಒಳಗೆ ಕಬ್ಬಿಣ ಖಾಲಿಯಾಗಿದ್ದರೂ ಅಂಕಿ ಮಾತ್ರ ಚೆನ್ನಾಗಿ ಕಾಣುತ್ತದೆ. ಈ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎರಡು ಗಡಿಗಳನ್ನು ಕೊಟ್ಟಿದೆ: ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕಡಿಮೆಯಾದರೆ ಕೊರತೆ, ಸೋಂಕು ಅಥವಾ ಉರಿಯೂತ ಇರುವವರಲ್ಲಿ 70ಕ್ಕಿಂತ ಕಡಿಮೆ ಇದ್ದರೂ ಕೊರತೆ ಎಂದು ಭಾವಿಸಬಹುದು. ಅಕ್ಕನ ಸಿ.ಆರ್.ಪಿ. 34 ಇರುವಾಗ ಫೆರಿಟಿನ್ 58ನ್ನು ‘ಸಾಕಷ್ಟಿದೆ’ ಎಂದು ಓದುವಂತಿಲ್ಲ. ಸ್ಯಾಚುರೇಶನ್ ಶೇಕಡಾ 9ಕ್ಕೆ ಇಳಿದಿರುವುದು, ರಕ್ತಕಣಗಳು ಸಣ್ಣದಾಗಿರುವುದು ಎರಡೂ ಅದೇ ಮಾತನ್ನು ಹೇಳುತ್ತಿದ್ದವು. ಬೇಕಾದ ಸಾಕ್ಷ್ಯವೆಲ್ಲ ಅದೇ ಹಾಳೆಯಲ್ಲಿ, ಬೆರಳಿಟ್ಟು ತೋರಿಸುವಷ್ಟು ಹತ್ತಿರದಲ್ಲಿ ಇತ್ತು. ವಿವರಣೆ ಬರೆದ ತಂತ್ರಾಂಶ ಪ್ರತಿ ಅಂಕಿಯನ್ನೂ ಅದರದೇ ಗಡಿಯೊಂದಿಗೆ ಮಾತ್ರ ಹೋಲಿಸಿ ಹಸಿರು ಅಥವಾ ಕೆಂಪು ಬಣ್ಣ ಹಚ್ಚಿ ಮುಂದೆ ಹೋಗಿತ್ತು. ಫೆರಿಟಿನ್ ಎದುರು ಹಸಿರು ಬಣ್ಣ ಇತ್ತು.

ಉರಿಯೂತ ರಕ್ತಹೀನತೆಯನ್ನು ಹೇಗೆ ತರುತ್ತದೆ ಎಂಬುದು ಸರಿಯಾಗಿ ತಿಳಿದದ್ದು 2000ದ ಆಸುಪಾಸಿನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ. ಕೀಲಿನ ಒಳಪೊರೆ ಉರಿದಾಗ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ರಕ್ತಕ್ಕೆ ಸೇರುತ್ತದೆ. ಅದು ತಲುಪಿದಾಗ ಯಕೃತ್ತು ಹೆಪ್ಸಿಡಿನ್ ಸುರಿಸುತ್ತದೆ. ಹೆಪ್ಸಿಡಿನ್ ಜೀವಕೋಶಗಳಿಂದ ಕಬ್ಬಿಣ ಹೊರಬರುವ ಏಕೈಕ ಬಾಗಿಲಾದ ಫೆರೊಪೋರ್ಟಿನ್ ಅನ್ನು ಮುಚ್ಚಿಬಿಡುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳನ್ನು ಒಡೆದು ದೇಹ ದಿನಕ್ಕೆ 20 ರಿಂದ 25 ಮಿಲಿಗ್ರಾಂ ಕಬ್ಬಿಣವನ್ನು ಮರುಬಳಕೆ ಮಾಡುತ್ತದೆ, ಕರುಳಿನಿಂದ ಹೊಸದಾಗಿ ಹೀರಿಕೊಳ್ಳುವುದು ಬರೀ 1 ರಿಂದ 2 ಮಿಲಿಗ್ರಾಂ. ಬಾಗಿಲು ಮುಚ್ಚಿದಾಗ ಮರುಬಳಕೆಯ ಕಬ್ಬಿಣ ಕಣಭಕ್ಷಕ ಕೋಶಗಳಲ್ಲೇ ಸಿಕ್ಕಿಬೀಳುತ್ತದೆ, ಅಸ್ಥಿಮಜ್ಜೆಗೆ ತಲುಪುವುದಿಲ್ಲ. ಹೀಗೆ ಉಂಟಾಗುವ ರಕ್ತಹೀನತೆ ಸಾಮಾನ್ಯವಾಗಿ ಸೌಮ್ಯ ಅಥವಾ ಮಧ್ಯಮ ಮಟ್ಟದ್ದು, ಬಹಳ ಜನರಲ್ಲಿ ರಕ್ತಕಣದ ಗಾತ್ರ ಸರಿಯಾಗಿಯೇ ಇರುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಟೋಸಿಲಿಜುಮ್ಯಾಬ್ ಎಂಬ ಔಷಧ ಇಂಟರ್‌ಲ್ಯೂಕಿನ್-6ರ ಕೆಲಸವನ್ನು ತಡೆಯುತ್ತದೆ. ಅದನ್ನು ಪಡೆದ ರೋಗಿಗಳಲ್ಲಿ ಕೀಲಿನ ಊತ ಇಳಿಯುವುದರ ಜೊತೆಗೆ ಹಿಮೋಗ್ಲೋಬಿನ್ ಏರುವುದೂ ಕಂಡುಬಂದಿದೆ. ಕೀಲು ಮತ್ತು ರಕ್ತದ ನಡುವಿನ ಸಂಬಂಧಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಕಾಣುವುದಿಲ್ಲ.

ಅಕ್ಕನ ರಕ್ತಕಣಗಳು ಸಣ್ಣದಾಗಿದ್ದುದರಿಂದ ಬರೀ ಉರಿಯೂತ ಎಂದು ಹೇಳಿ ಮುಗಿಸುವಂತಿರಲಿಲ್ಲ. ಇಲ್ಲಿ ಡೈಕ್ಲೋಫೆನ್ಯಾಕ್‌ನ ವಿಷಯ ಬರುತ್ತದೆ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಮುಂತಾದ ನೋವು ನಿವಾರಕಗಳು ಜಠರದ ಒಳಪದರವನ್ನು ಕಾಪಾಡುವ ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನೂ ತಗ್ಗಿಸುತ್ತವೆ. ಇದರಿಂದ ಹುಣ್ಣಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ರಕ್ತ ಜಿನುಗಬಹುದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೆ ಒಂದು ಟೀ ಚಮಚದಷ್ಟು ರಕ್ತ ಹೋದರೂ ಕರುಳು ಹೀರಿಕೊಳ್ಳುವುದಕ್ಕಿಂತ ಹೆಚ್ಚು ಕಬ್ಬಿಣ ನಷ್ಟವಾಗುತ್ತದೆ, ಅದೂ ಹೊಟ್ಟೆನೋವಿನ ಸುಳಿವೇ ಇಲ್ಲದೆ. ಕೀಲುನೋವಿರುವವರಿಗೆಂದೇ ರೂಪಿಸಿದ ಪ್ಯಾಕೇಜ್ ನೋವಿನ ಮಾತ್ರೆ ನುಂಗುತ್ತಿದ್ದೀರಾ ಎಂಬ ಒಂದು ಪ್ರಶ್ನೆಯನ್ನು ಕೇಳದಿರುವುದು, ಮಲದಲ್ಲಿ ಗುಪ್ತ ರಕ್ತ ಇದೆಯೇ ಎಂಬ ಸರಳ ಪರೀಕ್ಷೆಯನ್ನು ಕನಿಷ್ಠ ಐಚ್ಛಿಕವಾಗಿಯಾದರೂ ಸೇರಿಸದಿರುವುದು ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಲೋಪ.

ಇನ್ನು ರುಮಟಾಯ್ಡ್ ಫ್ಯಾಕ್ಟರ್. ಹೆಸರು ಕೇಳಿದರೆ ಇದೇ ನಿರ್ಣಾಯಕ ಪರೀಕ್ಷೆ ಎನಿಸುತ್ತದೆ, ಆದರೆ ಹಾಗಲ್ಲ. ಕಾಯಿಲೆ ಇಲ್ಲದ ಕೆಲವರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ ಅದು ಪಾಸಿಟಿವ್ ಬರುತ್ತದೆ. ಕಾಯಿಲೆ ಇರುವ ಐವರಲ್ಲಿ ಒಬ್ಬರಿಗಾದರೂ ನೆಗೆಟಿವ್ ಬರುತ್ತದೆ. ಆ್ಯಂಟಿ-ಸಿ.ಸಿ.ಪಿ. ಪರೀಕ್ಷೆ ಹೆಚ್ಚು ನಿರ್ದಿಷ್ಟವಾದದ್ದು, ಅದು ಪಾಸಿಟಿವ್ ಆದರೆ ರುಮಟಾಯ್ಡ್ ಸಂಧಿವಾತದ ಅನುಮಾನ ಬಲವಾಗುತ್ತದೆ. ಅದು ಈ ಪ್ಯಾಕೇಜ್‌ನಲ್ಲಿ ಇರಲಿಲ್ಲ. ಯೂರಿಕ್ ಆಮ್ಲವನ್ನು ತೆಗೆದು ಇದನ್ನು ಸೇರಿಸಿದ್ದರೂ ಸಾಕಿತ್ತು. ಯೂರಿಕ್ ಆಮ್ಲ ಹರಳುಗಟ್ಟಿ ಕೀಲು ಊದಿಸುವ ಗೌಟ್ ಎಂಬ ಕಾಯಿಲೆ ಉಲ್ಬಣಗೊಂಡಿರುವಾಗಲೂ ರಕ್ತದಲ್ಲಿ ಯೂರಿಕ್ ಆಮ್ಲ ಸಾಮಾನ್ಯವಾಗಿಯೇ ಇರಬಹುದಾದ್ದರಿಂದ ಆ ಒಂದು ಅಂಕಿಯಿಂದ ಸಿಗುವ ಮಾಹಿತಿ ಅಷ್ಟಕ್ಕಷ್ಟೆ.

ಇ.ಎಸ್.ಆರ್. ಬಗ್ಗೆಯೂ ಒಂದು ಮಾತು. ರಕ್ತಹೀನತೆ ಇರುವವರಲ್ಲಿ ಉರಿಯೂತ ಇಲ್ಲದಿದ್ದರೂ ಇ.ಎಸ್.ಆರ್. ಏರಬಹುದು, ಏಕೆಂದರೆ ಕಣಗಳ ಸಂಖ್ಯೆ ಕಡಿಮೆಯಾದಾಗ ಅವು ಕೊಳವೆಯಲ್ಲಿ ಬೇಗ ಕೆಳಗಿಳಿಯುತ್ತವೆ. ಸಿ.ಆರ್.ಪಿ.ಗೆ ಈ ತೊಡಕಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟಿರುವುದು ಪ್ಯಾಕೇಜ್‌ನ ಒಳ್ಳೆಯ ಗುಣಗಳಲ್ಲೊಂದು, ಅದಕ್ಕಾಗಿ ಮನಸಾರೆ ಮೆಚ್ಚುತ್ತೇನೆ.

ವರದಿಯನ್ನು ಸಂಧಿವಾತ ತಜ್ಞರ ಬಳಿಗೆ ಒಯ್ದೆವು. ಅವರು ಕೊನೆಯ ಪುಟವನ್ನು ಓದದೆ ಮಡಚಿ ಬದಿಗಿಟ್ಟು, ಉಳಿದ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡರು. ಫೆರಿಟಿನ್, ಸಿ.ಆರ್.ಪಿ., ಎಂ.ಸಿ.ವಿ. ಮೂರಕ್ಕೂ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, “ನೋಡಿ ಅಮ್ಮ, ಈ ಮೂರನ್ನೂ ಒಟ್ಟಿಗೆ ಓದಬೇಕು. ನೋವಿಗೆ ಏನು ಮಾತ್ರೆ ತಗೊಳ್ತಿದ್ದೀರಿ?” ಎಂದು ಕೇಳಿದರು. ಅಕ್ಕ ಮಾತ್ರೆಯ ಹೆಸರು ಹೇಳಿದಾಗ, “ಇವತ್ತಿನಿಂದ ಅದು ಬೇಡ,” ಎಂದರು. ಆಮೇಲೆ ಬೆರಳಿನ ಒಂದೊಂದು ಗೆಣ್ಣನ್ನೂ ಒತ್ತಿ ನೋಡಿದರು. ಅವರು ಬರೆದುಕೊಟ್ಟ ಆ್ಯಂಟಿ-ಸಿ.ಸಿ.ಪಿ. ಪಾಸಿಟಿವ್ ಬಂತು, ಮಲದಲ್ಲಿ ಗುಪ್ತ ರಕ್ತ ಇತ್ತು, ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು. ಅಂದರೆ ಅವಳ ರಕ್ತಹೀನತೆಗೆ ಎರಡು ಕಾರಣಗಳು ಜೊತೆಗೂಡಿದ್ದವು: ಕೀಲಿನ ಉರಿಯೂತ ಕಬ್ಬಿಣವನ್ನು ಕೂಡಿಹಾಕಿತ್ತು, ನೋವಿನ ಮಾತ್ರೆ ಅದನ್ನು ಸೋರಿಸುತ್ತಿತ್ತು. ಪ್ಯಾಕೇಜ್‌ನ ಅಂಕಿಗಳು ಈ ರೋಗನಿರ್ಣಯದಲ್ಲಿ ನಿಜವಾಗಿಯೂ ನೆರವಾದವು ಎಂಬುದನ್ನು ಮರೆಮಾಚುವುದಿಲ್ಲ. ಆ ಅಂಕಿಗಳೇ ಇಲ್ಲದಿದ್ದರೆ ವೈದ್ಯರು ಇನ್ನೊಂದು ಸುತ್ತಿನ ಪರೀಕ್ಷೆಗೆ ಕಾಯಬೇಕಿತ್ತು.

ವರದಿಯ ಕೊನೆಯ ಪುಟದ ಅಡಿಯಲ್ಲಿ, ಇದೇ ಸಂಸ್ಥೆ ಮಾರುವ ಪೂರಕ ಮಾತ್ರೆಗಳ ಶಿಫಾರಸು ಇರುತ್ತದೆ. ಅಕ್ಕನಿಗೆ ವಿಟಮಿನ್ ಡಿ ಸೂಚಿಸಿತ್ತು. ಹಿಮೋಗ್ಲೋಬಿನ್ ಕಡಿಮೆ ಇರುವ ಇತರರಿಗೆ ಕಬ್ಬಿಣದ ಮಾತ್ರೆ ಸೂಚಿಸುತ್ತದೆಂದು ಅದೇ ಪ್ಯಾಕೇಜ್ ಮಾಡಿಸಿದ ಪರಿಚಿತರೊಬ್ಬರ ವರದಿಯಿಂದ ತಿಳಿಯಿತು. ಇದಕ್ಕೆ ನನ್ನ ಗಟ್ಟಿಯಾದ ಆಕ್ಷೇಪವಿದೆ. ಹೆಪ್ಸಿಡಿನ್ ಏರಿರುವಾಗ ನುಂಗಿದ ಕಬ್ಬಿಣ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ, ಮಲಬದ್ಧತೆ, ವಾಕರಿಕೆಯಷ್ಟೇ ಉಳಿಯುತ್ತದೆ. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕದೆ ಕಬ್ಬಿಣ ಕೊಟ್ಟರೆ ಅಂಕಿ ಸ್ವಲ್ಪ ಏರಿ, ಹುಣ್ಣೋ ಕರುಳಿನ ಗೆಡ್ಡೆಯೋ ಗಮನಕ್ಕೆ ಬಾರದೆ ಬೆಳೆಯಬಹುದು. ಇದಕ್ಕಿಂತ ಗಂಭೀರವಾದದ್ದು, ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಶೇಖರವಾಗುವ ಹಿಮೋಕ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲೂ ಕೀಲುನೋವು ಬರುತ್ತದೆ, ಅದರಲ್ಲೂ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳಲ್ಲಿ. ಅಂಥವರಿಗೆ ಆಯಾಸವೂ ಇರುತ್ತದೆ. ಆಯಾಸ ಮತ್ತು ಕೀಲುನೋವು ಎಂದರೆ ಕಬ್ಬಿಣ ಕಡಿಮೆಯಾಗಿದೆ ಎಂದುಕೊಂಡು ತಾವಾಗಿಯೇ ಮಾತ್ರೆ ನುಂಗಿದರೆ ಅವರ ಯಕೃತ್ತು ಮತ್ತು ಹೃದಯಕ್ಕೆ ಹಾನಿ ಹೆಚ್ಚಾಗುತ್ತದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಶೇಕಡಾ 45ಕ್ಕಿಂತ ಮೇಲಿದ್ದರೆ ಈ ಅನುಮಾನ ಬರಬೇಕು. ಆ ಪರೀಕ್ಷೆ ಪ್ಯಾಕೇಜ್‌ನಲ್ಲಿ ಇದೆ, ಆದರೆ ವಿವರಣೆಯ ಪುಟ ಈ ಕಾಯಿಲೆಯ ಹೆಸರನ್ನೇ ಎತ್ತುವುದಿಲ್ಲ.

ಪ್ಯಾಕೇಜ್ ತಲುಪದ ಕಾಯಿಲೆಗಳೂ ಇವೆ. ಕೆಂಪು ರಕ್ತಕಣಗಳು ಒಡೆದುಹೋಗುವುದರಿಂದ ಬರುವ ರಕ್ತಹೀನತೆಯನ್ನು ಗುರುತಿಸಲು ಎಳೆಯ ಕಣಗಳ ಎಣಿಕೆ, ಅಂದರೆ ರೆಟಿಕ್ಯುಲೋಸೈಟ್ ಕೌಂಟ್, ಬೇಕು. ಅದು ಇಲ್ಲಿಲ್ಲ. ಲೂಪಸ್ ಕಾಯಿಲೆಯಲ್ಲಿ ಕೀಲುನೋವೂ ಬರುತ್ತದೆ, ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ರಕ್ತಕಣಗಳನ್ನು ನಾಶ ಮಾಡುವುದೂ ಉಂಟು. ಸಿಕಲ್ ಸೆಲ್ ಕಾಯಿಲೆಯಲ್ಲಿ ಕುಡುಗೋಲಿನ ಆಕಾರ ತಳೆದ ಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿ ಮೂಳೆ ಮತ್ತು ಕೀಲುಗಳಲ್ಲಿ ತಡೆಯಲಾರದ ನೋವು ತರುತ್ತವೆ, ತೊಡೆಮೂಳೆಯ ತಲೆ ರಕ್ತಸಂಚಾರವಿಲ್ಲದೆ ಸವೆದುಹೋಗಬಹುದು. ಗೋಧಿಯಲ್ಲಿರುವ ಗ್ಲುಟನ್ ಒಗ್ಗದೆ ಕರುಳು ಹಾನಿಗೊಳ್ಳುವ ಸಿಲಿಯಾಕ್ ಕಾಯಿಲೆ ಮತ್ತು ಕರುಳಿನ ದೀರ್ಘಕಾಲದ ಉರಿಯೂತಗಳಲ್ಲಿ ಹೊಟ್ಟೆಯ ದೂರು ಕಾಣುವುದಕ್ಕೂ ಮೊದಲೇ ರಕ್ತಹೀನತೆ, ಕೀಲುನೋವು ಜೊತೆಯಾಗಿ ಕಾಣಿಸಿಕೊಳ್ಳಬಹುದು. ಪಾರ್ವೊವೈರಸ್ ಬಿ19 ಎಂಬ ವೈರಾಣು ವಯಸ್ಕರಲ್ಲಿ ಕೈಬೆರಳುಗಳ ಕೀಲುಗಳನ್ನು ನೋಯಿಸುತ್ತದೆ, ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳ ಮೂಲಕೋಶಗಳಿಗೂ ಲಗ್ಗೆ ಹಾಕುತ್ತದೆ. ಇವೆಲ್ಲವನ್ನೂ ಒಂದು ಪ್ಯಾಕೇಜ್‌ನಲ್ಲಿ ತುಂಬಿಸಬೇಕೆಂದು ನಾನು ಕೇಳುತ್ತಿಲ್ಲ. ಇಲ್ಲದ ಕಾಯಿಲೆಗಳ ಹೆದರಿಕೆ ಹುಟ್ಟಿಸುವ ಅನಗತ್ಯ ಪರೀಕ್ಷೆಗಳು ಈಗಾಗಲೇ ಸಾಕಷ್ಟಿವೆ. ಆದರೆ ‘ಸಮಗ್ರ’ ಎಂಬ ವಿಶೇಷಣ ಬಳಸುವಾಗ ಏನು ಸೇರಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸುವುದು ಲ್ಯಾಬಿನ ಹೊಣೆ.

ಮಕ್ಕಳಿಗೆ ಈ ಪ್ಯಾಕೇಜ್ ಮಾಡಿಸಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಮಗು ಕೈಕಾಲು ನೋವೆಂದು ಅಳುತ್ತಾ, ಬಿಳಿಚಿಕೊಂಡು, ಪದೇಪದೇ ಜ್ವರ ಬರುತ್ತಿದ್ದರೆ, ಮೈಮೇಲೆ ನೀಲಿ ಕಲೆಗಳು ಮೂಡುತ್ತಿದ್ದರೆ ರಕ್ತದ ಕ್ಯಾನ್ಸರಿನ ಸಾಧ್ಯತೆಯನ್ನು ವೈದ್ಯರೇ ಮೊದಲು ತಳ್ಳಿಹಾಕಬೇಕು. ಆನ್‌ಲೈನ್‌ನಲ್ಲಿ ಪ್ಯಾಕೇಜ್ ಕಾಯ್ದಿರಿಸಿ ವರದಿಗೆ ಕಾಯುವ ಸಮಯ ಅದಲ್ಲ. ಹಿರಿಯರಲ್ಲೂ ಬೆನ್ನು ಅಥವಾ ಪಕ್ಕೆಲುಬಿನ ಮೂಳೆನೋವು ಬಿಡದೆ ಕಾಡುತ್ತಾ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ಮಯಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರ್ ಇರಬಹುದೇ ಎಂದು ನೋಡಬೇಕಾಗುತ್ತದೆ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಎದೆನೋವು ಅಥವಾ ಕೂತಲ್ಲೇ ಏದುಸಿರು ಇದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಯಾರಿಗೆ ಇದು ಸೂಕ್ತ? ವೈದ್ಯರು ಆಗಲೇ ನೋಡಿ, ಉರಿಯೂತದ ಅನುಮಾನ ವ್ಯಕ್ತಪಡಿಸಿ, ಫೆರಿಟಿನ್ ಮತ್ತು ಸಿ.ಆರ್.ಪಿ. ಎರಡೂ ಬೇಕೆಂದು ಹೇಳಿದವರಿಗೆ ಬಿಡಿ ಪರೀಕ್ಷೆಗಳಿಗಿಂತ ಇದು ಅನುಕೂಲ. ರುಮಟಾಯ್ಡ್ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಕಾಲಕಾಲಕ್ಕೆ ರಕ್ತಕಣ ಎಣಿಕೆ ಮಾಡಿಸಲೇಬೇಕು. ಆದರೆ ಅವರಿಗೆ ಬೇಕಾದ ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಇದರಲ್ಲಿ ಇಲ್ಲದ ಕಾರಣ ಈ ಪ್ಯಾಕೇಜ್ ಅವರ ನಿಯಮಿತ ತಪಾಸಣೆಗೆ ಆಗಿಬರುವುದಿಲ್ಲ. ವಯಸ್ಸಾದಂತೆ ಮಂಡಿಚಿಪ್ಪು ಸವೆದು ನೋವು ಬಂದವರಿಗಂತೂ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಆ ಸವೆತ ಸಾಮಾನ್ಯವಾಗಿ ರಕ್ತಹೀನತೆ ತರುವುದಿಲ್ಲ, ಅವರಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಕಾರಣವನ್ನು ಬೇರೆಯಾಗಿಯೇ ಹುಡುಕಬೇಕು, ನೋವಿನ ಮಾತ್ರೆಯಿಂದ ಶುರುಮಾಡಿ.

ಪ್ಯಾಕೇಜ್‌ನೊಂದಿಗೆ ಬರುವ ‘ಉಚಿತ ವೈದ್ಯರ ಸಲಹೆ’ ಫೋನಿನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಮಾತನಾಡಿದವರು ಸೌಜನ್ಯದಿಂದಲೇ ಇದ್ದರು, ಆದರೆ ಅವರ ಮುಂದಿದ್ದದ್ದು ಅದೇ ಕೊನೆಯ ಪುಟ, ಅದನ್ನೇ ಓದಿ ಹೇಳಿದರು. ಊದಿದ ಗೆಣ್ಣನ್ನು ಫೋನಿನಲ್ಲಿ ಒತ್ತಿ ನೋಡಲು ಆಗುವುದಿಲ್ಲವಾದ್ದರಿಂದ ಅವರನ್ನು ದೂಷಿಸುವುದಿಲ್ಲ. ಈ ಸಲಹೆಯನ್ನು ನಿಜವಾದ ವೈದ್ಯಕೀಯ ತಪಾಸಣೆಗೆ ಬದಲಿ ಎಂಬಂತೆ ಜಾಹೀರಾತು ಮಾಡುವುದು ಮಾತ್ರ ಸರಿಯಲ್ಲ.

ಡೈಕ್ಲೋಫೆನ್ಯಾಕ್ ನಿಲ್ಲಿಸಿ, ಹುಣ್ಣಿಗೆ ಔಷಧ ಕೊಟ್ಟು, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಜೊತೆಗೆ ಫೋಲಿಕ್ ಆಮ್ಲ ಮತ್ತು ಕಬ್ಬಿಣ ಶುರುಮಾಡಿದ ಮೇಲೆ ಅಕ್ಕನ ಹಿಮೋಗ್ಲೋಬಿನ್ 11.6ಕ್ಕೆ ಏರಿತು, ಸಿ.ಆರ್.ಪಿ. 8ಕ್ಕೆ ಇಳಿಯಿತು. ಈ ಮರುಪರೀಕ್ಷೆಯನ್ನೂ ಅದೇ ಲ್ಯಾಬಿನಲ್ಲೇ ಮಾಡಿಸಿದೆವು. ಅಳತೆಯ ವಿಧಾನ, ಯಂತ್ರ ಒಂದೇ ಆಗಿದ್ದರೆ ಹಿಂದಿನ ಅಂಕಿಯೊಂದಿಗೆ ಹೋಲಿಸುವುದು ಸುಲಭ ಎಂದು ವೈದ್ಯರೇ ಹೇಳಿದ್ದರು, ಮಾದರಿ ಸಂಗ್ರಹದಲ್ಲಿ ಲ್ಯಾಬಿನವರ ಶಿಸ್ತಿನ ಮೇಲೆ ನಮಗೂ ನಂಬಿಕೆ ಇತ್ತು. ಹಳೆಯ ಮತ್ತು ಹೊಸ ವರದಿಗಳನ್ನು ಪಕ್ಕಪಕ್ಕದಲ್ಲಿ ತೋರಿಸುವ ಅವರ ಆ್ಯಪ್ ಚೆನ್ನಾಗಿದೆ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅಭಿಪ್ರಾಯ ಬರೆಯುವ ಜಾಗದಲ್ಲಿ ನಾನು ಲ್ಯಾಬಿಗೆ ಎರಡು ಬದಲಾವಣೆಗಳನ್ನು ಕೇಳಿದ್ದೇನೆ: ಅರ್ಜಿಯಲ್ಲಿ ನೋವಿನ ಮಾತ್ರೆಯ ಬಗ್ಗೆ ಒಂದು ಪ್ರಶ್ನೆ ಸೇರಿಸಬೇಕು, ಸಿ.ಆರ್.ಪಿ. ಏರಿರುವ ಪ್ರತಿ ವರದಿಯಲ್ಲೂ ಫೆರಿಟಿನ್ ಎದುರಿನ ಹಸಿರು ಬಣ್ಣವನ್ನು ತೆಗೆದುಹಾಕಬೇಕು. ಉತ್ತರ ಇನ್ನೂ ಬಂದಿಲ್ಲ.